ಮೊದಲ ತುತ್ತು ತಿನ್ನದ ಕಾಗೆ

ಒಂದಾನೊಂದು ಊರಿನಲ್ಲಿ, ತಮಿಳು ಸೀಮೆ ಕಡೆ... ಯಾವ ಊರು ಅಂತ ಕೇಳಬೇಡಿ. ಹೆಸರು ಕೇಳೋರ ಮೇಲೆ ನನಗೆ ಮೊದಲಿಂದಲೂ ಅನುಮಾನ. ಸುಮ್ಮನೆ ಕಡಲೆಕಾಯಿ ಸುಲೀತಾ ಕೇಳಿ. ಬೀಜ ಮೊರಕ್ಕೆ ಬೀಳಬೇಕು, ಬಾಯಿಗಲ್ಲ. ನಾನು ನೋಡ್ತಾನೇ ಇರ್ತೀನಿ.

ಆ ಊರಲ್ಲಿ ಒಂದು ಪದ್ಧತಿ. ಅಡುಗೆ ಆದ ಕೂಡಲೇ ಮೊದಲ ತುತ್ತು ಕಾಗೆಗೆ. ಗೋಡೆ ಮೇಲೆ ಅನ್ನ ಇಟ್ಟು "ಕಾ, ಕಾ" ಅಂತ ಕೂಗಬೇಕು. ಕಾಗೆ ಅಂದರೆ ಬರೀ ಕಾಗೆಯಲ್ಲ, ಆ ಮನೇಲಿ ತೀರಿಹೋದ ಹಿರಿಯರು. ಅದು ತಿಂದ ಮೇಲೆ ಮನೆಯವರು. ಮನೆಯವರೆಲ್ಲ ತಿಂದ ಮೇಲೆ ಸೊಸೆ.

ಪೇಚಿ ಅಂತ ಒಬ್ಬ ಸೊಸೆ. ಅವಳ ಅತ್ತೆ ಅಂಗಾತ್ತಾಳ್. ಮಾವ ಮಾಡಸಾಮಿ ಸತ್ತು ಕಾಗೆಯಾಗಿ ಎರಡು ವರ್ಷ. ಒಂದು ದಿನ ಪೇಚಿ ಗೋಡೆ ಮೇಲೆ ಅನ್ನ ಇಟ್ಟು ಕೂಗಿದಳು. ಕಾಗೆ ಬಂತು. ಒಂದು ಕಣ್ಣಲ್ಲಿ ಅನ್ನ ನೋಡಿತು. ತಲೆ ತಿರುಗಿಸಿ ಇನ್ನೊಂದು ಕಣ್ಣಲ್ಲಿ ಪೇಚಿಯನ್ನ ನೋಡಿತು. ತಿನ್ನಲಿಲ್ಲ.

"ಏನೇ ಹಾಕಿದೀಯ ಅದರಲ್ಲಿ?" ಅಂದಳು ಅಂಗಾತ್ತಾಳ್.

"ಉಪ್ಪು, ಹುಳಿ, ಖಾರ ಅತ್ತೆ."

"ನಾಲ್ಕನೆಯದು?"

"ನಾಲ್ಕನೆಯದು ಏನೂ ಇಲ್ಲ ಅತ್ತೆ."

"ಹಂಗಾದ್ರೆ ಆ ಏನೂ ಇಲ್ಲದ್ದನ್ನೇ ಹಾಕಿದೀಯ!"

ಅಂಗಾತ್ತಾಳ್ ಸೌಟನ್ನ ಕೇಳಿದಳು. ಸೌಟು, "ನಾನು ತಿರುಗಿಸಿದ ಕಡೆ ತಿರುಗೋನು, ಮಡಕೇನ ಕೇಳಿ" ಅಂತು. ಮಡಕೆ, "ನನಗೆ ತಳದ್ದು ಮಾತ್ರ ಗೊತ್ತು, ಮೇಲಿಂದು ಮುಚ್ಚಳಕ್ಕೆ ಗೊತ್ತು" ಅಂತು. ಮುಚ್ಚಳ ಮಾತೇ ಆಡಲಿಲ್ಲ. ಅವತ್ತಿಂದ ಆ ಮನೇಲಿ ಎಲ್ಲರಿಗೂ ಮುಚ್ಚಳದ ಮೇಲೆ ಗುಮಾನಿ.

"ಮೂರು ದಿನ ನೋಡ್ತೀನಿ. ಕಾಗೆ ತಿನ್ನದಿದ್ರೆ ಟ್ರಂಕು ಹೊತ್ಕೊಂಡು ತವರಿಗೆ ನಡಿ" ಅಂದುಬಿಟ್ಟಳು ಅಂಗಾತ್ತಾಳ್. ಪೇಚಿಗೆ ತವರಲ್ಲಿ ಇದ್ದದ್ದು ಒಂದು ಬತ್ತಿದ ಬಾವಿ, ಒಬ್ಬ ಕುಡುಕ ಅಣ್ಣ.

ಓಡಿಹೋಗಿ ಗೋಡೆ ಹತ್ರ ನಿಂತಳು. "ಮಾಮಾ, ಯಾಕೆ ತಿನ್ನಲ್ಲ?"

"ಬದುಕಿದ್ದಾಗ ನಾಲ್ಕು ವರ್ಷ ಜಗುಲಿ ಮೇಲೆ ಕೂತು ಅನ್ನ ಅನ್ನ ಅಂದೆ" ಅಂತು ಕಾಗೆ. "ಇರಿ ಇರಿ ಅಂದ್ರಿ. ಎಲ್ಲರದೂ ಆದ ಮೇಲೆ ತಳ ಹಿಡಿದಿದ್ದು ಬರ್ತಿತ್ತು. ಸತ್ತ ಮೇಲೆ ಎರಡು ವರ್ಷ ಯೋಚಿಸದೆ ತಿಂದೆ. ಈಗ ಯೋಚಿಸಿದ್ರೆ, ಬಿಸಿಬಿಸಿ ಅನ್ನ, ಅದೂ ಎಲ್ಲರಿಗಿಂತ ಮೊದಲು ನನಗೆ! ಯಾಕೆ? ನಾನು ಉರುಳಿ ಬೀಳ್ತೀನಾ ಅಂತ ನೋಡ್ಕೊಂಡು ಆಮೇಲೆ ನೀವು ತಿನ್ನೋಕೆ. ಮೊದಲು ಯಾರಾದ್ರೂ ತಿಂದು ತೋರಿಸ್ರಿ."

ಈ ಮಾತು ಪಕ್ಕದ ಮನೆ ಕಾಗೆಗೆ ಕೇಳಿಸಿತು. ಅದು ಆಚೆ ಮನೆ ಕಾಗೆಗೆ ಹೇಳಿತು. ಎರಡನೇ ದಿನ ಊರಿನ ಯಾವ ಕಾಗೆಯೂ ತಿನ್ನಲಿಲ್ಲ. ಕಾಗೆ ತಿನ್ನದೆ ಜನ ತಿನ್ನೋ ಹಾಗಿಲ್ಲ. ಊರಿಗೆ ಊರೇ ಬೇಯಿಸಿದ ಅನ್ನ ಮುಂದಿಟ್ಟುಕೊಂಡು ಉಪವಾಸ ಕೂತಿತು. ಹಸಿದವರಿಗೆ ಅನುಮಾನ ಜಾಸ್ತಿ. ಯಾರಾದರೂ ತೇಗಿದರೆ ಸಾಕು, ಹತ್ತು ಜನ ಹೋಗಿ ಅವರ ಬಾಯಿ ಮೂಸುತ್ತಿದ್ದರು.

ಮೂರನೇ ದಿನ ಬೇವಿನ ಮರದ ಕೆಳಗೆ ಪಂಚಾಯ್ತಿ. ನಾಟಾಮೆ ಸುಡಲೈಮುತ್ತು, ಅಂದರೆ ಊರಿನ ನ್ಯಾಯ ಹೇಳೋ ಯಜಮಾನ, ಹಿತ್ತಾಳೆ ಚೊಂಬು ಪಕ್ಕಕ್ಕಿಟ್ಟುಕೊಂಡು ಕೂತ. ಎಲೆ ಅಡಿಕೆ ಉಗಿದ.

"ಯಾರಾದ್ರೂ ಮೊದಲು ತಿಂದ್ರೆ ಅದು ಎಂಜಲು. ಎಂಜಲು ಹಿರಿಯರಿಗೆ ಇಡೋ ಹಾಗಿಲ್ಲ. ಯಾರೂ ತಿನ್ನದೆ ಇದ್ರೆ ಹಿರಿಯರು ತಿನ್ನಲ್ಲ. ಆದ್ರೆ ಸತ್ತೋರು ಮುಟ್ಟಿದ್ದು ಎಂಜಲಲ್ಲ, ಪ್ರಸಾದ. ಅದಕ್ಕೇ ಒಬ್ಬರು ಸತ್ತು, ಮೊದಲು ತಿಂದು ತೋರಿಸಬೇಕು. ಅಡುಗೆ ಮಾಡಿದೋಳು ಯಾರು?"

ಎಲ್ಲರೂ ಪೇಚಿ ಕಡೆ ನೋಡಿದರು.

"ಪೇಚಿ ಸತ್ತಳು" ಅಂದ ನಾಟಾಮೆ. ಆಯ್ತು, ಸತ್ತಳು.

ಸತ್ತ ಮೇಲೆ ಒಪ್ಪಾರಿ ಆಗಬೇಕಲ್ಲ? ಹೆಣದ ಸುತ್ತ ಕೂತು, ಸತ್ತವರ ಗುಣ ಹೇಳಿಕೊಂಡು ಎದೆ ಬಡಿದುಕೊಂಡು ಅಳೋ ಹಾಡು ಅದು. ಅಳಬೇಕಾದವಳು ಅತ್ತೆ. ಅಂಗಾತ್ತಾಳ್ ಮೊದಲು ಮುಖ ಸಿಂಡರಿಸಿಕೊಂಡೇ ಶುರುಮಾಡಿದಳು:

"ಅಯ್ಯೋ ನನ್ನ ಬಂಗಾರವೇ, ಬಾವಿ ನೀರು ನೀನೇ ಸೇದಿದೆಯಲ್ಲೇ! ನನ್ನ ಕಾಲು ನೀನೇ ಒತ್ತಿದೆಯಲ್ಲೇ! ನಿನ್ನ ಕೈಯಂಥಾ ಹುಳಿ ಊರಲ್ಲಿ ಯಾರು ಮಾಡ್ತಿದ್ರೇ! ಒಂದು ದಿನ ಚೆನ್ನಾಗಿದೆ ಅನ್ನಲಿಲ್ಲವಲ್ಲೇ ನಾನು!"

ಹೇಳ್ತಾ ಹೇಳ್ತಾ ಅವಳಿಗೆ ನಿಜವಾಗಿ ಅಳು ಬಂತು. ಪೇಚಿ ಪಕ್ಕದಲ್ಲೇ ಕೂತು ಕೇಳುತ್ತಿದ್ದಳು. ಆರು ವರ್ಷದಲ್ಲಿ ಅತ್ತೆ ಬಾಯಲ್ಲಿ ಇಂಥಾ ಮಾತು ಅವಳು ಕೇಳಿರಲಿಲ್ಲ. ಅವಳೂ ಅತ್ತಳು. ಆಮೇಲೆ ಎಲೆ ಹಾಕಿದರು, ಹೊಗೆಯಾಡೋ ಅನ್ನ ಬಡಿಸಿದರು. ಪೇಚಿ ತಿಂದಳು. ಮತ್ತೆ ಹಾಕಿಸಿಕೊಂಡು ತಿಂದಳು.

ಕಾಗೆ ಬೇವಿನ ಮರದ ಮೇಲಿಂದ ಒಂದು ಕಣ್ಣಲ್ಲಿ ನೋಡಿತು. "ಇದು ನಡೆಯಲ್ಲ. ಅವಳು ಸತ್ತೋಳು. ಸತ್ತೋಳಿಗೆ ವಿಷ ಏನು ಮಾಡೀತು?"

ಪೇಚಿ ತುತ್ತು ನುಂಗಿ ಕೇಳಿದಳು. "ಹಂಗಾದ್ರೆ ನಿಮಗೇನು ಮಾಡೀತು ಮಾಮಾ?"

ಕಾಗೆ ಇಳಿದು ಬಂದು ಅವಳ ಎಲೆಯ ತುದಿಯಲ್ಲೇ ತಿನ್ನತೊಡಗಿತು. ಊರಿನ ಕಾಗೆಗಳೆಲ್ಲ ತಿಂದವು. ಊರೂ ತಿಂದಿತು.

"ಸರಿ ಪೇಚಿ, ಕೆಲಸ ಆಯ್ತು, ಈಗ ಬದುಕು" ಅಂದ ನಾಟಾಮೆ.

"ಬದುಕೋಕೆ ನನಗೇನು ಹುಚ್ಚಾ ಅಯ್ಯಾ?" ಅಂದಳು ಪೇಚಿ. "ಮೊಸರು ಹಾಕಿ."

ಮಾರನೇ ದಿನ ಬೆಳಿಗ್ಗೆ ನಾಟಾಮೆ ಬಾಗಿಲು ತೆರೆದರೆ ಊರಿನ ಹೆಂಗಸರೆಲ್ಲ ಸಾಲಾಗಿ ನಿಂತಿದ್ದಾರೆ, ತಮ್ಮನ್ನೂ ಸಾಯಿಸು ಅಂತ. ಸಾಲಿನಲ್ಲಿ ಮೊದಲನೆಯವಳು ಅಂಗಾತ್ತಾಳ್, ಕೈಯಲ್ಲಿ ತನ್ನದೇ ಬಾಳೆಲೆ.

"ಅತ್ತೆ, ನೀವಾ?" ಅಂದಳು ಗಲಾಟೆ ಕೇಳಿ ಬಂದ ಪೇಚಿ.

"ನಾನೂ ಸೊಸೆಯಾಗಿದ್ದೋಳೇ ಕಣೇ. ಮೂವತ್ತು ವರ್ಷ ತಣ್ಣಗಿಂದು ತಿಂದಿದೀನಿ. ಬಾ, ಕೂತ್ಕೊಂಡು ಚೆನ್ನಾಗಿ ಅಳು. ನನ್ನ ಹುಳಿ ವಿಷಯ ಹೇಳೋದು ಮರೀಬೇಡ."

ಇದರ ನೀತಿ ಏನಪ್ಪಾ ಅಂದರೆ, ಮುಚ್ಚಳವನ್ನ ನಂಬಬೇಡಿ. ಕತೆ ಗೋಡೆ ಮೇಲಿಟ್ಟಿದೀನಿ, ತಿಂದೋರು ಹಾರಿಹೋಗಿ. ಏಯ್, ನಿಲ್ಲಿ! ಸಿಪ್ಪೆ ಇಷ್ಟೊಂದಿದೆ, ಬೀಜ ಇಷ್ಟೇನಾ? ಎಲ್ಲಿ, ಬಾಯಿ ತೋರಿಸ್ರಿ. ಹೂಂ, ಗೊತ್ತಿತ್ತು ನನಗೆ. ಉಳಿದಿದ್ದು ಮುಟ್ಟಬೇಡಿ. ಒಲೆ ಮುಂದೆ ಇದಾಳಲ್ಲ ನಿಮ್ಮಮ್ಮ, ಅವಳನ್ನ ಕರೀರಿ. ಮೊದಲು ಅವಳು ತಿನ್ನಲಿ.