ಸತ್ತವಳಿಗೆ ಕಳಿಸಿದ ಮೀನು

ಮಕ್ಕಳೇ, ದಟ್ಟ ಕಾಡಿನ ನಡುವೆ ಹರಿಯುವ ಹೊಳೆಯೊಂದರ ದಂಡೆಯಲ್ಲಿ ಭೈರನೆಂಬ ನೀರುನಾಯಿ ವಾಸವಾಗಿದ್ದ. ಹೆಂಡತಿ ಸಿರಿ, ಪುಟ್ಟ ಮಗಳು ಮಿಣಿ, ಇಷ್ಟೇ ಅವನ ಸಂಸಾರ.

ಒಂದು ಮಳೆಗಾಲದಲ್ಲಿ ಸಿರಿ ಕಾಯಿಲೆ ಬಿದ್ದು ಸತ್ತುಹೋದಳು. ಭೈರನ ಮನಸ್ಸು ಅದನ್ನು ಒಪ್ಪಲೇ ಇಲ್ಲ. "ಅಷ್ಟು ಚುರುಕಾಗಿದ್ದವಳು ಇಲ್ಲವಾಗುವುದೆಂದರೇನು? ಎಲ್ಲೋ ಇದ್ದೇ ಇರುತ್ತಾಳೆ" ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದ.

ಆ ಮಾತು ನರಿಯ ಕಿವಿಗೆ ಬಿತ್ತು.

"ನಿಜ ಭೈರಣ್ಣ. ಸತ್ತವರೆಲ್ಲ ಆ ಗುಡ್ಡದಾಚೆಯ ಊರಿನಲ್ಲಿದ್ದಾರೆ. ದಾರಿ ನನಗೊಬ್ಬನಿಗೇ ಗೊತ್ತು. ಪಾಪ, ಅತ್ತಿಗೆ ಹಸಿದಿದ್ದಾಳೆ. ಮೀನು ಕೊಟ್ಟರೆ ತಲುಪಿಸುತ್ತೇನೆ" ಎಂದಿತು ನರಿ.

ಅಂದಿನಿಂದ ಭೈರ ಹಿಡಿದ ಒಳ್ಳೊಳ್ಳೆಯ ಮೀನೆಲ್ಲ ನರಿಯ ಪಾಲಾಯಿತು. ನರಿ ದುಂಡಗಾಯಿತು, ಮಿಣಿ ಬಡಕಲಾದಳು. ಈಜು ಕಲಿಯುವ ವಯಸ್ಸು ಅವಳದು. ಕಲಿಸಲು ಅಪ್ಪನಿಗೆ ಪುರುಸೊತ್ತಿರಲಿಲ್ಲ.

ಒಂದು ದಿನ ಹಸಿವು ತಾಳಲಾರದೆ ಮಿಣಿ ತಾನೇ ಮೀನು ಹಿಡಿಯಲು ಹೊಳೆಗಿಳಿದಳು. ಸೆಳೆತಕ್ಕೆ ಸಿಕ್ಕಿ ಮುಳುಗತೊಡಗಿದಳು. ಬಂಡೆಯ ಮೇಲೆ ಬಿಸಿಲು ಕಾಯುತ್ತಿದ್ದ ಆಮೆಯಜ್ಜಿ ನೀರಿಗೆ ಧುಮುಕಿ, ಅವಳನ್ನು ಬೆನ್ನ ಮೇಲೆ ಹೊತ್ತು ದಡಕ್ಕೆ ತಂದಳು.

ಭೈರ ಓಡಿಬಂದ. ಮಗಳು ಗಡಗಡ ನಡುಗುತ್ತಿದ್ದಳು. ಮೀನು ಒಯ್ಯಲು ಬಂದಿದ್ದ ನರಿ ಸಮಾಧಾನ ಹೇಳಿತು. "ಮುಳುಗಿದ್ದರೂ ಏನಂತೆ, ಅಣ್ಣ? ಅಮ್ಮನ ಹತ್ತಿರವೇ ಹೋಗುತ್ತಿದ್ದಳು. ಇಬ್ಬರಿಗೂ ಮೀನು ನಾನೇ ಒಯ್ಯುತ್ತಿದ್ದೆ."

ಮಗಳು ಹೋಗಿದ್ದರೆ ಯಾವ ಊರಿನಿಂದಲೂ ಅವಳನ್ನು ಮರಳಿ ತರಲಾಗುತ್ತಿರಲಿಲ್ಲ ಎಂಬುದು ಆ ಕ್ಷಣ ಭೈರನಿಗೆ ಖಚಿತವಾಗಿ ತಿಳಿಯಿತು. ಹಲ್ಲು ಮಸೆದು ನರಿಯ ಮೇಲೆರಗಿದ. ಓಡಿಹೋದ ನರಿ ಮತ್ತೆ ಆ ದಂಡೆಯ ಕಡೆ ಸುಳಿಯಲಿಲ್ಲ.

"ಅಜ್ಜಿ, ನಿಜ ಹೇಳು. ನನ್ನ ಸಿರಿ ಎಲ್ಲಿದ್ದಾಳೆ?"

"ಎಲ್ಲೂ ಇಲ್ಲ ಮಗಾ," ಎಂದಳು ಆಮೆಯಜ್ಜಿ. "ನನ್ನವರೂ ಎಷ್ಟೋ ಮಂದಿ ಹೋಗಿದ್ದಾರೆ. ಯಾರೂ ಎಲ್ಲೂ ಇಲ್ಲ. ಸಿರಿಗೆ ಈಗ ಹಸಿವಿಲ್ಲ, ಚಳಿಯಿಲ್ಲ, ನೋವಿಲ್ಲ. ಹಸಿವಿರುವುದು ಇವಳಿಗೆ."

ಭೈರ ಬಹಳ ಹೊತ್ತು ಅತ್ತ. ಆಮೇಲೆ ಅವನು ಎದ್ದು ದಪ್ಪನೆಯ ಮೀನೊಂದನ್ನು ಹಿಡಿದು ತಂದು ಮಗಳಿಗೆ ತಿನ್ನಿಸಿದ.

ಮರುದಿನ ಬೆಳಿಗ್ಗೆ ಆಳವಿಲ್ಲದ ಕಡೆ ಅವಳನ್ನು ನೀರಿಗಿಳಿಸಿದ.

"ಅಮ್ಮ ಬರುವುದಿಲ್ಲವಾ ಅಪ್ಪ?"

"ಇಲ್ಲ ಕಂದಾ. ಅಮ್ಮ ಸತ್ತುಹೋದಳು." ಆ ಮಾತು ಭೈರನ ಬಾಯಿಂದ ಬಂದದ್ದು ಅದೇ ಮೊದಲು. "ಬಾ, ನನ್ನ ಬೆನ್ನು ಹಿಡಿದುಕೋ. ಅವಳು ಹೇಗೆ ಈಜುತ್ತಿದ್ದಳು ಎಂದು ತೋರಿಸುತ್ತೇನೆ."

ನೀತಿ: ಸತ್ತವರಿಗಾಗಿ ಅಳೋಣ, ಆದರೆ ಬದುಕಿರುವವರ ತುತ್ತು ಕಸಿಯದಿರೋಣ.