ಹಗೇವಿನಿಂದ ಬಂದ ಉತ್ತರ

"ಕೇಳ್ರಪ್ಪೋ ಕೇಳ್ರಿ! ಗಾಳಿಗೆ ಮಣ್ಣು ಹಾರಿಹೋಗ್ತದಂತ ಭೈರರಸರು ನೇಗಿಲು ನಿಲ್ಲಿಸ್ಯಾರ. ಉಳುಮೆ ಇಲ್ಲದ ಬಿತ್ತೋ ಬಗಿ ಬಲ್ಲವರಿಗೆ ಅರಸುಮಗಳು ಕಂಚಲೆ, ಜೊತಿಗೆ ಅರ್ಧ ರಾಜ್ಯ! ಹಗೇವಿನಾಗ ಇಳಿದು ಮೂರು ಒಗಟು ಬಿಡಿಸಬೇಕು. ತಪ್ಪಿದವರು ಅಲ್ಲೇ!" ಎಂದು ಊರೂರಲ್ಲಿ ಡಂಗುರ ಸಾರಿದರು.

ಹಗೇವು ಎಂದರೆ ಕಾಳು ಕೂಡಿಡಲು ನೆಲದೊಳಗೆ ತೋಡಿದ ಕುಣಿ. ಒಬ್ಬರು ತೂರುವಷ್ಟು ಬಾಯಿ, ಮೇಲೊಂದು ಚಪ್ಪಡಿ. ಅರ್ಧ ರಾಜ್ಯ ಎಂದ ಮೇಲೆ ಚಪ್ಪಡಿ ಯಾರ ಕಣ್ಣಿಗೆ ಬೀಳುತ್ತದೆ? ಸೇನಾಪತಿಯ ತಮ್ಮ ಇಳಿದ, ಸಾಮಂತನ ಮಗ ಇಳಿದ, ಹಗ್ಗ ಹೊಸೆಯುವ ಕೆಂಚನೂ ಇಳಿದ. ಯಾರೂ ಮೇಲೆ ಬರಲಿಲ್ಲ.

ಕೆಂಚನ ತಮ್ಮ, ಹೊಲ ಬಿತ್ತುವ ತಿಪ್ಪನಿಗೆ ರಾಜ್ಯ ಬೇಕಿರಲಿಲ್ಲ, ಅಣ್ಣ ಬೇಕಿತ್ತು. ಅವನೂ ಇಳಿದ. ಕಾವಲಿನವರು ಹಗ್ಗ ಎಳೆದುಕೊಂಡರು.

ಒಳಗೆ ಮುಗ್ಗಿದ ಜೋಳದ ವಾಸನೆ, ತಡೆಯಲಾರದ ಸೆಕೆ. "ಯಾಕ ಬಂದ್ಯೋ ತಮ್ಮಾ? ಇದ್ದವರಿಗೇ ಉಸಿರಾಡಾಕ ಗಾಳಿ ಸಾಲವಲ್ದು," ಎಂದು ಕೆಂಚ ಅತ್ತ.

ಮೇಲಿನಿಂದ ಅರಸ ಕೇಳಿದ: "ಹೊದ್ದು ಮಲಗಿದವಳ ಹೊದಿಕೆ ಸರಿಸಬಾರದು, ಉಡಿ ಮಾತ್ರ ತುಂಬಬೇಕು. ಯಾರನ್ನು ಕಳಿಸಲಿ?"

ಇದಕ್ಕೆ 'ಸೂಲಗಿತ್ತಿ' ಎಂದಿದ್ದ ಸೇನಾಪತಿಯ ತಮ್ಮ ಮೂಲೆಯಲ್ಲಿ ನರಳಿದ.

"ಸಾಲಿಗೆ ಕಾಳು ಬಿತ್ತೋ ಕೂರಿಗಿ ಕಳಸ್ರಿ ದೊರಿ," ಎಂದ ತಿಪ್ಪ. "ಮಲಗಿದಾಕಿ ಭೂಮಿ, ಹೊದಿಕಿ ಅಂದ್ರ ಕೊಯ್ದುಳಿದ ಕೂಳಿ. ಭಾರದ ಕೂರಿಗಿ ಆರಿಸ್ರಿ, ಮೊನಿ ಸಣ್ಣಗ ಹರಿತ ಇರ್ಲಿ. ಅಗಲ ಇದ್ರ ಹೊದಿಕೀನೇ ಎಳಕೊಂಡು ಹೋಗ್ತದ."

"ಮೇಲಿಟ್ಟರೆ ಹಕ್ಕಿಯ ಪಾಲು, ಆಳದಲ್ಲಿಟ್ಟರೆ ಮಣ್ಣಿನ ಪಾಲು. ನನ್ನ ಪಾಲಿಗೆ ಎಲ್ಲಿಡಲಿ?"

ಸಾಮಂತನ ಮಗ 'ಖಜಾನೆಯಲ್ಲಿ' ಎಂದು ಕೆಟ್ಟಿದ್ದ.

"ಬೀಜಾರೀ ಅದು. ನೆಲದ ಹಸಿ ಸಿಗೋವಷ್ಟು ಆಳದಾಗ ಇಡ್ರಿ. ಕೂರಿಗಿಯ ಒಂದು ಕಾಲು ಸವೆದಿದ್ರೂ ಆ ಸಾಲಿನ ಬೀಜ ಮ್ಯಾಲೇ ಬೀಳ್ತದ. ಮೊದಲೇ ನೋಡಿ ಬದಲಿಸಬೇಕು."

"ಬಾಯ್ತುಂಬ ಉಂಡಿದೆ, ಹೊಲವೆಲ್ಲ ನಡೆದಿದೆ, ಹೊಲಕ್ಕೆ ಏನೂ ಕೊಟ್ಟಿಲ್ಲ. ಯಾಕೆ?"

ಕೆಂಚ ಇಲ್ಲೇ ಸೋತಿದ್ದ. ತಿಪ್ಪನಿಗೂ ಹೊಳೆಯಲಿಲ್ಲ. ಬಾಯಿ ಮುಚ್ಚಲು ಚಪ್ಪಡಿ ಜರುಗತೊಡಗಿತು. ಒಳಗಿದ್ದವರೆಲ್ಲ ಒಬ್ಬರ ಹೆಗಲನ್ನೊಬ್ಬರು ತುಳಿದು ಬಾಯಿಗೆ ನುಗ್ಗಿದರು. ಮೊದಲಿನವನ ಭುಜ ಸಿಕ್ಕಿಕೊಂಡಿತು, ಹಿಂದಿನವರೆಲ್ಲ ಅಲ್ಲೇ ಸಿಕ್ಕಿಬಿದ್ದರು. ಕೆಳಗೆ ಉಸಿರು ಕಟ್ಟಿ ನಿಂತಿದ್ದ ತಿಪ್ಪ ಅದನ್ನು ನೋಡಿದ.

"ದೊರೀ! ಕೂರಿಗಿಯ ಕಾಳು ಇಳಿಯೋ ಕೊಳವಿ ಕಟ್ಟೈತ್ರಿ! ಮಣ್ಣು ಮೆತ್ತಿ ಒಂದು ಕಾಳು ಸಿಕ್ಕಿತು, ಅದರ ಹಿಂದ ಎಲ್ಲಾ ಸಿಕ್ಕಾವು. ನಮ್ಹಂಗ!"

ಚಪ್ಪಡಿ ನಿಂತಿತು. "ಸರಿ. ನೀನೊಬ್ಬ ಮೇಲೆ ಬಾ," ಎಂದ ಅರಸ.

"ಒಂದೇ ಕಾಳು ಕಿತ್ತು ತಗದ್ರ ಸಾಲು ತುಂಬ್ತದೇನ್ರಿ? ಬಾಯಿ ಪೂರಾ ಬಿಡಿಸ್ರಿ. ಇಲ್ಲಾಂದ್ರ ನನ್ನ ಉತ್ತರಾನೂ ತಪ್ಪು."

ತನ್ನ ಒಗಟಿಗೆ ಅರಸನೇ ಸಿಕ್ಕಿಬಿದ್ದಿದ್ದ. ಕೊನೆಗೆ ಹಗ್ಗ ಇಳಿಯಿತು. ಒಬ್ಬೊಬ್ಬರಾಗಿ ಎಲ್ಲರೂ ಹೊರಬಂದರು.

ಅರಸ ಮಗಳನ್ನು ಮುಂದೆ ನಿಲ್ಲಿಸಿದ. ತಿಪ್ಪ ಅವಳ ಬಿಳುಚಿದ ಮುಖ ನೋಡಿದ.

"ದೊರಿಸಾನಿ, ನನಗ ನಮ್ಮಣ್ಣ ಬೇಕಾಗಿದ್ದ, ಸಿಕ್ಕ. ನಿಮಗ ಯಾರು ಬೇಕ್ರಿ?"

ಅಷ್ಟು ವರ್ಷದಲ್ಲಿ ಅವಳನ್ನು ಹಾಗೆ ಕೇಳಿದವರೇ ಇರಲಿಲ್ಲ. ಕಂಚಲೆ ಅಳುತ್ತಲೇ ನಕ್ಕಳು. "ಯೋಚಿಸಿ ಹೇಳ್ತೀನಿ," ಎಂದಳು. ಅರಸನೂ ಕಾಯಬೇಕಾಯಿತು.

ಉಳದೆ ಬಿತ್ತಿದ ಜೋಳ ತೆನೆ ಕಟ್ಟಿದಾಗ ಅವಳು ತಾನೇ ನಡೆದು ತಿಪ್ಪನ ಮನೆಗೆ ಬಂದಳು.