ಮುಂಗುಸಿ ಅಜ್ಜಿಯ ವರಸೆ

ಮುಂಗುಸಿ ಅಜ್ಜಿ ತನ್ನ ಮೊಮ್ಮಗಳಿಗೆ ಬೇಸಿಗೆಯುದ್ದಕ್ಕೂ ಏಟು ತಪ್ಪಿಸಿಕೊಳ್ಳುವ ವರಸೆಯನ್ನೇ ಕಲಿಸಿದಳು.

"ಅಜ್ಜಿ, ಕಚ್ಚುವುದನ್ನು ಯಾವಾಗ ಕಲಿಸುತ್ತೀ?" ಎಂದು ಮೊಮ್ಮಗಳು ಗೊಣಗಿದಳು.

"ಹಲ್ಲಿದ್ದವರೆಲ್ಲ ಕಚ್ಚುತ್ತಾರೆ. ನನ್ನ ಅಜ್ಜಿ ನನಗೆ ಕೊಟ್ಟದ್ದು ಇದು. ಮತ್ತೆ ಮಾಡು."

ಒಂದು ದಿನ ಅಜ್ಜಿ ಇಲ್ಲದಾಗ ನಾಗರಹಾವೊಂದು ಮೊಮ್ಮಗಳ ಪುಟ್ಟ ತಮ್ಮತಂಗಿಯರಿದ್ದ ಬಿಲಕ್ಕೆ ಬಂತು. ಅವಳು ಬಿಲದ ಬಾಯಿಗೆ ಅಡ್ಡ ನಿಂತಳು. ಹಾವು ಎರಗಿದಾಗಲೆಲ್ಲ ಕೂದಲೆಳೆಯಷ್ಟು ಸರಿದು ತಪ್ಪಿಸಿಕೊಂಡಳು. ಮರುಕ್ಷಣವೇ ಬಿಲದ ಬಾಯಿಗೆ ಮರಳಿದಳು. ಬಿಸಿಲೇರುವ ಹೊತ್ತಿಗೆ ಹಾವು ದಣಿದು ಹೆಡೆ ಇಳಿಸಿತು.

"ಒಬ್ಬಳೇ ಇದ್ದೀಯೆಂದು ಬಂದೆ. ನಿನ್ನ ಕಾಲುಗಳಲ್ಲಿ ನಿನ್ನ ಅಜ್ಜಿಯೂ ಇದ್ದಾಳೆ, ಅವಳ ಅಜ್ಜಿಯೂ ಇದ್ದಾಳೆ. ಇಷ್ಟು ಜನರೊಡನೆ ನಾನು ಕಾದಾಡಲಾರೆ," ಎಂದು ಹೊರಟುಹೋಯಿತು.

ಮೊಮ್ಮಗಳು ತಮ್ಮತಂಗಿಯರನ್ನು ಹೊರಗೆ ಕರೆದು, ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ವರಸೆಯ ಮೊದಲ ಹೆಜ್ಜೆ ತೋರಿಸಿದಳು.